ಅಲಾರಾಂ ಕೂಗಿದರೆ ಬರುವವರು ಯಾರು?
ಮನೆಗೆ ಕಳ್ಳರ ಅಲಾರಾಂ: ಜೋಡಿಸುವುದು, ಸರಿಪಡಿಸುವುದು, ನೆರೆಕರೆಯವರು ಸೇರಿ ಕಾಯುವುದು



ಒಂದು ಮಳೆಗಾಲದಲ್ಲಿ ನಮ್ಮ ಸಂಘವೊಂದರ ಕೋಶಾಧಿಕಾರಿಯ ಮನೆಗೆ ಕಳ್ಳರು ನುಗ್ಗಿದರು. ಅಡಿಕೆ ತೋಟದ ಅಂಚಿನ ಹಂಚಿನ ಮನೆ. ಮನೆಯವರೆಲ್ಲ ಮದುವೆಗೆ ಹೋಗಿದ್ದರು. ಎದುರು ಬಾಗಿಲಿನ ಬೀಗ ಮುರಿದು ಒಂದು ಚಿನ್ನದ ಸರ, ಅದರ ಜೊತೆಗೆ ಎರಡು ವಾರದ ಸಭೆಯಲ್ಲಿ ಒಟ್ಟಾಗಿದ್ದ ಸಂಘದ ಹಣವನ್ನೂ ಕೊಂಡುಹೋದರು.

ಸುದ್ದಿ ತಿಳಿದು ನಾವು ಅಲ್ಲಿಗೆ ಹೋದೆವು. ಬಾಗಿಲ ದಾರಂದದಲ್ಲಿ ಒಂದು ಬಿಳಿ ಡಬ್ಬಿ ಅಂಟಿಕೊಂಡಿತ್ತು. ಬೆಂಗಳೂರಲ್ಲಿ ಕೆಲಸಕ್ಕಿರುವ ಮಗ ತಂದು ಅಂಟಿಸಿದ ಅಲಾರಾಂ. “ಇದು ಕೂಗಲಿಲ್ಲವೇ?” ಎಂದು ಕೇಳಿದೆವು. ಆ ತಾಯಿ ತಲೆ ತಗ್ಗಿಸಿದರು. “ಅದು ಮಳೆ ಸುರುವಾದ ಮೇಲೆ ರಾತ್ರಿಯಿಡೀ ಸುಮ್ಮನೆ ಕೂಗ್ತಿತ್ತು ಸಿಸ್ಟರ್. ಆಚೆ ಮನೆಯವರಿಗೂ ನಿದ್ದೆ ಇಲ್ಲ. ಬೈಗುಳ ಕೇಳಿ ಕೇಳಿ ಸಾಕಾಗಿ ಸೆಲ್ ತೆಗೆದಿಟ್ಟೆ” ಎಂದರು.

ನಾವು ಬಾಗಿಲನ್ನು ನೋಡಿದೆವು. ಮಳೆಯ ತೇವಕ್ಕೆ ಮರ ಉಬ್ಬಿತ್ತು. ಬಾಗಿಲು ಪೂರ್ತಿ ಒಳಗೆ ಕೂರದೆ ಬೆರಳು ಹೋಗುವಷ್ಟು ಸಂದು ಬಿಡುತ್ತಿತ್ತು. ಬಾಗಿಲು ತೆರೆದಿದೆ ಎಂದು ತಿಳಿದು ಅಲಾರಾಂ ತನ್ನ ಕೆಲಸ ತಾನು ಮಾಡುತ್ತಿತ್ತು. ಆಚಾರಿಯವರು ಒಂದು ಗಳಿಗೆ ಕೀಸುಳಿ ಹಾಕಿದ್ದರೆ ಮುಗಿಯುತ್ತಿತ್ತು.

ಹಣ ಹೋದದ್ದಕ್ಕಿಂತ ದೊಡ್ಡ ನಷ್ಟ ಆಮೇಲೆ ಬಂತು. “ನಿಜವಾಗಿ ಕಳ್ಳರೇ ಕೊಂಡುಹೋದರೋ?” ಎಂಬ ಪಿಸುಮಾತು ಸಂಘದಲ್ಲಿ ಹುಟ್ಟಿತು. ಹತ್ತು ವರ್ಷ ಒಟ್ಟಿಗೆ ಕೂತವರು ಒಬ್ಬರ ಮುಖ ಒಬ್ಬರು ನೋಡದಂತಾಯಿತು. ಆ ಕೋಶಾಧಿಕಾರಿ ಎರಡು ತಿಂಗಳು ಸಭೆಗೇ ಬರಲಿಲ್ಲ. ಕೊನೆಗೆ ಎಲ್ಲರೂ ಕೂತು ಮಾತಾಡಿ, ನಷ್ಟವನ್ನು ಹಂಚಿಕೊಳ್ಳುವುದೆಂದು ನಿರ್ಣಯ ಬರೆದ ಮೇಲೆಯೇ ಸಂಘ ಉಳಿಯಿತು.

ಈಗ ಇಂಥ ಅಲಾರಾಂಗಳು ಕೆಲವು ನೂರು ರೂಪಾಯಿಗೆ ಪೇಟೆಯಲ್ಲೂ ಮೊಬೈಲಿನಲ್ಲೂ ಸಿಗುತ್ತವೆ. ಹಲವು ಸದಸ್ಯೆಯರು ಇದರ ಬಗ್ಗೆ ಕೇಳಿದ್ದೀರಿ. ಆದ್ದರಿಂದ ಈ ಸಲ ಇದನ್ನೇ ಬರೆಯುತ್ತಿದ್ದೇವೆ.

ಅಲಾರಾಂ ಮಾಡುವುದೇನು?

ಮೊದಲು ಒಂದು ವಿಷಯ ಮನಸ್ಸಿನಲ್ಲಿರಲಿ. ಅಲಾರಾಂ ಕಳ್ಳನನ್ನು ಹಿಡಿಯುವುದಿಲ್ಲ, ಬಾಗಿಲನ್ನು ಗಟ್ಟಿ ಮಾಡುವುದೂ ಇಲ್ಲ. ಅದು ಕೂಗುತ್ತದೆ, ಅಷ್ಟೇ. ಕೂಗಿದ್ದನ್ನು ಕೇಳಿ ಯಾರಾದರೂ ಎದ್ದು ಬಂದರೆ ಮಾತ್ರ ಅದರಿಂದ ಪ್ರಯೋಜನ. ಯಾರೂ ಬರುವುದಿಲ್ಲ ಎಂದು ಗೊತ್ತಾದರೆ ಕಳ್ಳನಿಗೂ ಅದು ಬರೀ ಶಬ್ದ.

ಸುಮ್ಮಸುಮ್ಮನೆ ಕೂಗುವ ಅಲಾರಾಂ ಇನ್ನೂ ಕೆಟ್ಟದು. ನಾಲ್ಕು ಸಲ ಸುಳ್ಳು ಕೂಗಿದರೆ ಐದನೇ ಸಲ ನೆರೆಯವರು ಮಗ್ಗುಲು ಬದಲಿಸಿ ಮಲಗುತ್ತಾರೆ. ಆದ್ದರಿಂದ ಅಲಾರಾಂ ಕೊಂಡುಕೊಳ್ಳುವುದು ಅರ್ಧ ಕೆಲಸ ಮಾತ್ರ. ಸುಳ್ಳು ಕೂಗದಂತೆ ಅದನ್ನು ಸರಿಯಾಗಿಟ್ಟುಕೊಳ್ಳುವುದು, ಕೂಗಿದಾಗ ಬರುವವರನ್ನು ಮೊದಲೇ ಗೊತ್ತುಮಾಡುವುದು ಉಳಿದ ಅರ್ಧ.

ದುಡ್ಡು ಕೊಡುವ ಮೊದಲು ಮನೆಗೆ ಒಂದು ಸುತ್ತು

ಒಂದು ಸಂಜೆ ನಿಮ್ಮ ಮನೆಯನ್ನು ನೀವೇ ಹೊರಗಿನಿಂದ ನೋಡಿ. ಕಳ್ಳ ಬಂದರೆ ಎಲ್ಲಿಂದ ಬರಬಹುದು ಎಂದು ಯೋಚಿಸಿ.

1. ಹಿತ್ತಿಲ ಬಾಗಿಲು, ಬಚ್ಚಲಿನ ಬಾಗಿಲು ನೋಡಿ. ಎದುರು ಬಾಗಿಲಿಗೆ ದೊಡ್ಡ ಬೀಗ ಹಾಕಿ, ಹಿಂದೆ ತುಕ್ಕು ಹಿಡಿದ ಚಿಲಕ ಬಿಟ್ಟ ಮನೆಗಳು ಎಷ್ಟೋ ಇವೆ. ಮೊದಲ ಖರ್ಚು ಗಟ್ಟಿ ಚಿಲಕಕ್ಕೆ ಮತ್ತು ಉದ್ದದ ಸ್ಕ್ರೂಗಳಿಗೆ.
2. ಹಾರೆ, ಪಿಕ್ಕಾಸು, ಕತ್ತಿ, ಏಣಿ ಅಂಗಳದಲ್ಲಿ ಇವೆಯೇ? ಕಳ್ಳನು ಸಲಕರಣೆ ಹೊತ್ತುಕೊಂಡು ಬರಬೇಕಾಗಿಲ್ಲ, ನಮ್ಮದೇ ಅವನಿಗೆ ಸಾಕು. ಅವುಗಳನ್ನು ಒಳಗಿಡಿ.
3. ಹಂಚಿನ ಮಾಡಾದರೆ ನಾಲ್ಕು ಹಂಚು ಸರಿಸಿ ಒಳಗಿಳಿಯಬಹುದು. ಮಾಡಿನ ಮೇಲೆ ಬಾಗಿದ ಕೊಂಬೆಗಳನ್ನು ಕಡಿಸಿ.
4. ಬೀಗದ ಕೈಯನ್ನು ಹೂಕುಂಡದ ಕೆಳಗೆ, ಮಾಡಿನ ಸಂದಿಯಲ್ಲಿ, ಚಪ್ಪಲಿಯೊಳಗೆ ಇಡುವ ಅಭ್ಯಾಸ ಬಿಡಿ. ಅದು ಇಡೀ ಊರಿಗೆ ಗೊತ್ತಿರುವ ಗುಟ್ಟು.
5. ಹಿತ್ತಿಲಲ್ಲಿ ಒಂದು ಬಲ್ಬು ಉರಿಯುತ್ತಿರಲಿ.

ಇಷ್ಟು ಮಾಡಿದ ಮೇಲೆಯೂ ಅಲಾರಾಂ ಬೇಕು ಅನಿಸಿದರೆ ಕೊಳ್ಳಿ. ಹಗಲಿಡೀ ಬೀಗ ಹಾಕಿ ಕೆಲಸಕ್ಕೆ ಹೋಗುವವರಿಗೆ, ಒಬ್ಬರೇ ಇರುವ ಹಿರಿಯರಿಗೆ, ತೋಟದ ನಡುವೆ ಒಂಟಿ ಮನೆಯವರಿಗೆ ಇದು ಉಪಯೋಗದ ವಸ್ತು. ಆದರೆ ಇದಕ್ಕಾಗಿ ದೊಡ್ಡ ಸಾಲ ಎತ್ತಬೇಡಿ. ಮನೆಬಾಗಿಲಿಗೆ ಬಂದು “ಒಳಗೆ ಎಲ್ಲ ನೋಡಿ ಫಿಟ್ ಮಾಡಿ ಕೊಡ್ತೇವೆ” ಎನ್ನುವ ಗುರುತಿಲ್ಲದವರನ್ನು ಒಳಗೆ ಬಿಡಬೇಡಿ. ಗುರುತಿನ ಅಂಗಡಿಯಲ್ಲಿ ಬಿಲ್ಲು ಮತ್ತು ವಾರಂಟಿ ಕಾರ್ಡು ಪಡೆದು ಕೊಳ್ಳಿ.

ಅಲಾರಾಂನಲ್ಲಿ ಮೂರು ಬಗೆ

ಒಂದು: ಬಾಗಿಲಿನ ಅಯಸ್ಕಾಂತ ಅಲಾರಾಂ. ಇದರಲ್ಲಿ ಎರಡು ತುಂಡು. ದೊಡ್ಡದರಲ್ಲಿ ಸೆಲ್ ಮತ್ತು ಕೂಗುವ ಭಾಗ, ಸಣ್ಣದರಲ್ಲಿ ಅಯಸ್ಕಾಂತ. ದೊಡ್ಡ ತುಂಡಿನೊಳಗೆ ಒಂದು ಸಣ್ಣ ಗಾಜಿನ ಕೊಳವೆ, ಅದರಲ್ಲಿ ಎರಡು ತೆಳು ಲೋಹದ ಪಟ್ಟಿಗಳು. ಅಯಸ್ಕಾಂತ ಹತ್ತಿರವಿರುವಾಗ ಪಟ್ಟಿಗಳು ಒಂದಕ್ಕೊಂದು ಅಂಟಿಕೊಂಡಿರುತ್ತವೆ. ಬಾಗಿಲು ತೆರೆದು ಅಯಸ್ಕಾಂತ ದೂರವಾದ ಕೂಡಲೇ ಪಟ್ಟಿಗಳು ಬಿಡುತ್ತವೆ, ಅಲಾರಾಂ ಕೂಗುತ್ತದೆ. ಬೆಲೆ ಕಡಿಮೆ. ನಾವೇ ಜೋಡಿಸಬಹುದು. ಆದರೆ ಆ ಒಂದು ಬಾಗಿಲನ್ನು ಬಿಟ್ಟು ಬೇರೆ ಯಾವುದೂ ಅದಕ್ಕೆ ಗೊತ್ತಾಗುವುದಿಲ್ಲ.

ಎರಡು: ಚಲನೆ ತಿಳಿಯುವ ಅಲಾರಾಂ. ಅಂಗಡಿಯವರು ಪಿಐಆರ್ ಅಥವಾ ಮೋಷನ್ ಸೆನ್ಸರ್ ಎನ್ನುತ್ತಾರೆ. ಮನುಷ್ಯರ ಮೈಯಿಂದ ಹೊರಡುವ ಶಾಖವು ಅದರ ಎದುರು ಸರಿದಾಡಿದರೆ ಅದಕ್ಕೆ ತಿಳಿಯುತ್ತದೆ. ಹಂಚು ತೆಗೆದು ಇಳಿದವನನ್ನು ಬಾಗಿಲಿನ ಅಲಾರಾಂ ಕಾಣುವುದಿಲ್ಲ. ಕಪಾಟಿರುವ ಕೋಣೆಯ ದಾರಿಯಲ್ಲಿ ಇದನ್ನಿಟ್ಟರೆ ಇದು ಕಾಣುತ್ತದೆ. ಆದ್ದರಿಂದ ಹಂಚಿನ ಮನೆಗೆ ಇದು ಒಳ್ಳೆಯದು.

ಮೂರು: ಫೋನ್ ಮಾಡುವ ಅಲಾರಾಂ. ಒಂದು ಪೆಟ್ಟಿಗೆ, ಅದರೊಳಗೆ ಸಿಮ್. ಬಾಗಿಲಿನ ಸೆನ್ಸರ್, ಚಲನೆಯ ಸೆನ್ಸರ್‌ಗಳು ತಂತಿಯಿಲ್ಲದೆ ಇದಕ್ಕೆ ಸುದ್ದಿ ಕೊಡುತ್ತವೆ. ಪೆಟ್ಟಿಗೆ ಕೂಗುವುದಲ್ಲದೆ, ನಾವು ತುಂಬಿಸಿಟ್ಟ ನಂಬರುಗಳಿಗೆ ಕರೆ ಅಥವಾ ಎಸ್ಎಂಎಸ್ ಮಾಡುತ್ತದೆ. ಬೆಲೆ ಕೆಲವು ಸಾವಿರ. ಮಳೆಗಾಲದ ರಾತ್ರಿ ಶೀಟಿನ ಮೇಲೆ ಮಳೆ ಹೊಡೆಯುವಾಗ ಆಚೆ ಮನೆಯ ಕೂಗು ಕೇಳುವುದಿಲ್ಲವಲ್ಲ, ಆಗ ಫೋನಿನ ಕರೆಯೇ ಉಪಕಾರಕ್ಕೆ ಬರುವುದು. ವೈಫೈ ಮೇಲೆ ನಡೆಯುವವೂ ಇವೆ. ಆದರೆ ಕರೆಂಟು ಹೋಗಿ ವೈಫೈ ಪೆಟ್ಟಿಗೆ ನಿಂತರೆ ಮೊಬೈಲಿಗೆ ಸುದ್ದಿ ಬರುವುದಿಲ್ಲ.

ಸಿಮ್ ಪೆಟ್ಟಿಗೆ ಕೊಳ್ಳುವಾಗ “ಇದು 2ಜಿಯೋ 4ಜಿಯೋ?” ಎಂದು ಕೇಳಲೇಬೇಕು. ಕಡಿಮೆ ಬೆಲೆಯ ಹಲವು ಪೆಟ್ಟಿಗೆಗಳು 2ಜಿಯಲ್ಲಿ ಮಾತ್ರ ನಡೆಯುತ್ತವೆ. ಜಿಯೋಗೆ 2ಜಿ ಜಾಲವೇ ಇಲ್ಲ. ಹಾಗಾಗಿ ಅಂಥ ಪೆಟ್ಟಿಗೆಗೆ ಜಿಯೋ ಸಿಮ್ ಹಾಕಿದರೆ ಏನೂ ಆಗುವುದಿಲ್ಲ. ಪೆಟ್ಟಿಗೆ ಕೆಟ್ಟಿದೆ ಎಂದು ಅಂಗಡಿಗೆ ಅಲೆದವರು ನಮ್ಮಲ್ಲೇ ಇದ್ದಾರೆ.

ಜೋಡಿಸುವ ಕ್ರಮ

ಬಾಗಿಲಿನ ಅಲಾರಾಂ:

1. ದೊಡ್ಡ ತುಂಡನ್ನು ಅಲುಗದ ದಾರಂದಕ್ಕೂ ಅಯಸ್ಕಾಂತವನ್ನು ತೆರೆಯುವ ಬಾಗಿಲಿಗೂ ಹಾಕಿ. ಎರಡೂ ಮನೆಯ ಒಳಬದಿಯಲ್ಲಿರಬೇಕು.
2. ಬಿಜಾಗರಿ ಇರುವ ಕಡೆ ಹಾಕಬೇಡಿ. ಬಾಗಿಲು ಮೊದಲು ತೆರೆದುಕೊಳ್ಳುವ ಕಡೆ, ಮಕ್ಕಳ ಕೈಗೆ ಸಿಗದ ಎತ್ತರದಲ್ಲಿ ಹಾಕಿ.
3. ಎರಡೂ ತುಂಡಿನಲ್ಲಿ ಒಂದು ಗೆರೆ ಅಥವಾ ಬಾಣದ ಗುರುತು ಇರುತ್ತದೆ. ಅವು ಎದುರುಬದುರಾಗಿರಬೇಕು. ಬಾಗಿಲು ಮುಚ್ಚಿದಾಗ ನಡುವಿನ ಸಂದು ಅರ್ಧ ಸೆಂಟಿಮೀಟರಿನಷ್ಟಿರಲಿ, ಒಂದು ಸೆಂಟಿಮೀಟರ್ ದಾಟದಿರಲಿ. ಡಬ್ಬಿಯ ಕಾಗದದಲ್ಲಿ ಬೇರೆ ಅಳತೆ ಬರೆದಿದ್ದರೆ ಅದನ್ನೇ ಅನುಸರಿಸಿ.
4. ಮೊದಲು ಸಾದಾ ಟೇಪಿನಲ್ಲಿ ಅಂಟಿಸಿ ಹತ್ತು ಸಲ ತೆರೆದು ಮುಚ್ಚಿ ನೋಡಿ. ಸರಿಯಾದ ಮೇಲೆ ಗಟ್ಟಿ ಮಾಡಿ. ಅದರ ಜೊತೆ ಬರುವ ಅಂಟು ಟೇಪು ತೇವದ ಮರಕ್ಕೂ ಸುಣ್ಣದ ಗೋಡೆಗೂ ನಿಲ್ಲುವುದಿಲ್ಲ. ಸಾಧ್ಯವಾದರೆ ಸಣ್ಣ ಸ್ಕ್ರೂ ಹಾಕಿ.
5. ಕಬ್ಬಿಣದ ಬಾಗಿಲು, ಗ್ರಿಲ್ಲು ಇದ್ದರೆ ಕಬ್ಬಿಣ ಅಯಸ್ಕಾಂತದ ಶಕ್ತಿಯನ್ನು ಎಳೆದುಕೊಳ್ಳುತ್ತದೆ. ತುಂಡುಗಳ ಅಡಿಗೆ ಒಂದು ತೆಳು ಮರದ ಅಥವಾ ಪ್ಲಾಸ್ಟಿಕ್ ಪಟ್ಟಿ ಕೊಟ್ಟು ಅಂಟಿಸಿ.
6. ಹಲವು ಡಬ್ಬಿಗಳಲ್ಲಿ ಆಫ್, ಚೈಮ್, ಅಲಾರಾಂ ಎಂಬ ಮೂರು ಸ್ಥಾನದ ಗುಂಡಿ ಇರುತ್ತದೆ. ಚೈಮ್‌ನಲ್ಲಿಟ್ಟರೆ ಬರೀ ಟಿಂಗ್ ಟಾಂಗ್. ಮನೆಬಿಟ್ಟು ಹೊರಡುವಾಗ ಅಲಾರಾಂನಲ್ಲಿದೆಯೇ ಎಂದು ನೋಡಿ.

ಚಲನೆಯ ಸೆನ್ಸರ್:

1. ಕೋಣೆಯ ಮೂಲೆಯಲ್ಲಿ ಸುಮಾರು ಏಳು ಅಡಿ ಎತ್ತರದಲ್ಲಿ ಹಾಕಿ. ನೆಟ್ಟಗೆ ಅದರ ಕಡೆ ನಡೆದುಬರುವವರಿಗಿಂತ ಅದರ ಎದುರು ಅಡ್ಡ ಹಾದುಹೋಗುವವರು ಅದಕ್ಕೆ ಚೆನ್ನಾಗಿ ತಿಳಿಯುತ್ತಾರೆ.
2. ಅದರ ಮುಖ ಕಿಟಕಿಯ ಕಡೆ, ಬಿಸಿಲು ಬೀಳುವ ಕಡೆ, ಒಲೆ ಅಥವಾ ಫ್ರಿಜ್ಜಿನ ಕಡೆ ಇರಬಾರದು. ಫ್ಯಾನಿಗೆ ಅಲುಗಾಡುವ ಪರದೆಯೂ ಎದುರಿಗೆ ಬೇಡ.
3. ಕಿಟಕಿಯ ಗಾಜಿನಾಚೆ ಇದು ನೋಡಲಾರದು. ಒಳಗಿಟ್ಟು ಅಂಗಳ ಕಾಯಲಾಗುವುದಿಲ್ಲ.
4. ಸೆಲ್ ಹಾಕಿದ ಕೂಡಲೇ ಪರೀಕ್ಷೆ ಮಾಡಬೇಡಿ. ಒಂದೆರಡು ನಿಮಿಷ ಬಿಡಿ, ಅದು ಸಿದ್ಧವಾಗಬೇಕು.

ಸಿಮ್ ಪೆಟ್ಟಿಗೆ:

1. ಮೊಬೈಲ್ ಹಿಡಿದುಕೊಂಡು ಮನೆಯಲ್ಲಿ ಎಲ್ಲಿ ನೆಟ್‌ವರ್ಕ್ ಚೆನ್ನಾಗಿದೆ ನೋಡಿ ಅಲ್ಲಿ ಇಡಿ. ಕಬ್ಬಿಣದ ಕಪಾಟಿನೊಳಗೆ ಇಡಬೇಡಿ. ಬಾಗಿಲಿನಿಂದ ನೇರ ಕಾಣುವಂತೆಯೂ ಇಡಬೇಡಿ.
2. ಸಿಮ್ಮನ್ನು ಮೊದಲು ಮೊಬೈಲಿಗೆ ಹಾಕಿ ಪಿನ್ ಲಾಕ್ ತೆಗೆಯಿರಿ. ಒಂದು ಕರೆ ಮಾಡಿ ನೋಡಿ.
3. ಮೊದಲ ನಂಬರು ದೂರದೂರಿನ ಮಗನದ್ದಲ್ಲ, ಎರಡು ನಿಮಿಷದಲ್ಲಿ ಓಡಿ ಬರಬಲ್ಲ ನೆರೆಯವರದ್ದಾಗಿರಲಿ. ಎರಡನೆಯದು ನಿಮ್ಮದು.
4. ಕಂಪನಿಯವರು ಹಾಕಿಕೊಟ್ಟ ಗುಪ್ತ ಸಂಖ್ಯೆ ಒಂದೇ ಮಾದರಿಯ ಎಲ್ಲ ಪೆಟ್ಟಿಗೆಗೂ ಸಾಮಾನ್ಯವಾಗಿ ಒಂದೇ ಇರುತ್ತದೆ. ಅದನ್ನು ಕಡ್ಡಾಯವಾಗಿ ಬದಲಿಸಿ. ಹೊಸತನ್ನು ಪೆಟ್ಟಿಗೆಯ ಹಿಂದೆ ಬರೆದಿಡಬೇಡಿ.
5. ಹೊರಗಿನ ಸೈರನ್ ಇದ್ದರೆ ಮಾಡಿನ ಅಂಚಿನ ಕೆಳಗೆ, ಮಳೆ ಬೀಳದಲ್ಲಿ, ಕೈಗೆಟುಕದಂತೆ, ನೆರೆಮನೆಯ ಕಡೆ ಮುಖ ಮಾಡಿ ಹಾಕಿಸಿ. ಕರೆಂಟಿನ ವೈರಿನ ಕೆಲಸವನ್ನು ಲೈಸನ್ಸಿನ ಎಲೆಕ್ಟ್ರಿಷಿಯನ್ ಮಾಡಲಿ.

ಎಲ್ಲ ಮುಗಿದ ಮೇಲೆ ನಿಜವಾದ ಪರೀಕ್ಷೆ ಒಂದಿದೆ. ನೆರೆಮನೆಯವರಿಗೆ ಹೇಳಿ, ಅವರ ಮನೆಯೊಳಗೆ ಟಿವಿ ಹಾಕಿಕೊಂಡು ನೀವು ಕೂತುಕೊಳ್ಳಿ. ಮಗಳು ನಿಮ್ಮ ಮನೆ ಬಾಗಿಲು ತೆರೆಯಲಿ. ಕೇಳಿಸಿತೇ? ಕೇಳಿಸದಿದ್ದರೆ ಜಾಗ ಬದಲಿಸಿ ಅಥವಾ ದೊಡ್ಡ ಸೈರನ್ ಹಾಕಿ.

ತೊಂದರೆ ಬಂದಾಗ

ಅಲಾರಾಂ ಉಪದ್ರ ಕೊಟ್ಟರೆ ಸೆಲ್ ಕಿತ್ತು ಸುಮ್ಮನಾಗಬೇಡಿ. ಕಾರಣ ಹೆಚ್ಚಾಗಿ ಸಣ್ಣದೇ ಇರುತ್ತದೆ.

ಬಾಗಿಲಿನ ಅಲಾರಾಂ ಸುಮ್ಮನೆ ಕೂಗುತ್ತದೆ: ಬಾಗಿಲು ಮುಚ್ಚಿ ಸಂದು ಅಳೆಯಿರಿ. ಮಳೆಗಾಲದಲ್ಲಿ ಮರ ಉಬ್ಬಿ ಬಾಗಿಲು ಪೂರ್ತಿ ಮುಚ್ಚುವುದಿಲ್ಲ. ಬೇಸಿಗೆಯಲ್ಲಿ ಮರ ಕುಗ್ಗಿ ಗಾಳಿಗೆ ಬಾಗಿಲು ಕಡಕಡ ಅಲುಗುತ್ತದೆ. ಉಬ್ಬಿದ್ದರೆ ಕೀಸುಳಿ ಹಾಕಿಸಿ. ಕುಗ್ಗಿದ್ದರೆ ಚಿಲಕ ಬಿಗಿ ಮಾಡಿ ಅಥವಾ ಬಾಗಿಲಂಚಿಗೆ ರಬ್ಬರ್ ಪಟ್ಟಿ ಅಂಟಿಸಿ. ಅಯಸ್ಕಾಂತದ ಅಡಿಗೆ ತೆಳು ಮರದ ತುಂಡು ಕೊಟ್ಟು ಹತ್ತಿರ ತಂದರೂ ಆಗುತ್ತದೆ. ಬಿಜಾಗರಿ ಸಡಿಲವಾಗಿ ಬಾಗಿಲು ಕೆಳಗೆ ಇಳಿದಿದೆಯೇ ಎಂದೂ ನೋಡಿ.

ಚಲನೆಯ ಸೆನ್ಸರ್ ಸುಮ್ಮನೆ ಕೂಗುತ್ತದೆ: ಬೆಕ್ಕು, ನಾಯಿ, ಅಟ್ಟದ ಇಲಿ ಕಾರಣವಿರಬಹುದು. ಸೆನ್ಸರಿನ ಮುಖದ ಮೇಲೆ ಜೇಡ ಬಲೆ ಕಟ್ಟುತ್ತದೆ, ಹಲ್ಲಿ ಹರಿದಾಡುತ್ತದೆ, ಇರುವೆ ಒಳಗೆ ಗೂಡು ಮಾಡುತ್ತದೆ. ವಾರಕ್ಕೊಮ್ಮೆ ಒಣ ಮೆತ್ತನೆ ಬಟ್ಟೆಯಿಂದ ಒರೆಸಿ. ಒದ್ದೆ ಬಟ್ಟೆ ಬೇಡ. ದಿನಾ ಒಂದೇ ಹೊತ್ತಿಗೆ ಕೂಗಿದರೆ ಆ ಹೊತ್ತಿಗೆ ಬಿಸಿಲು ಅದರ ಮೇಲೆ ಬೀಳುತ್ತದೆಯೇ ಎಂದು ನೋಡಿ.

ಚಲನೆಯ ಸೆನ್ಸರ್ ಕೂಗುವುದೇ ಇಲ್ಲ: ಎದುರಿಗೆ ಕಪಾಟು, ಪರದೆ ಅಡ್ಡ ಬಂದಿದೆಯೇ? ಏಪ್ರಿಲ್, ಮೇ ತಿಂಗಳ ಸೆಕೆಗೆ ಕೋಣೆಯ ಬಿಸಿ ನಮ್ಮ ಮೈಬಿಸಿಯಷ್ಟೇ ಆದಾಗ ಅದಕ್ಕೆ ವ್ಯತ್ಯಾಸ ಸರಿಯಾಗಿ ತಿಳಿಯುವುದಿಲ್ಲ. ಇದು ಕೆಟ್ಟದ್ದಲ್ಲ, ಅದರ ಮಿತಿ. ಅದಕ್ಕಾಗಿ ಬಾಗಿಲಿನ ಅಲಾರಾಂ ಜೊತೆಗಿರಲಿ.

ಮಧ್ಯೆ ಮಧ್ಯೆ ಬರೀ ಕೀಂ ಎನ್ನುತ್ತದೆ, ಅಥವಾ ಕೂಗು ಕ್ಷೀಣವಾಗಿದೆ: ಸೆಲ್ ಮುಗಿಯುತ್ತಾ ಬಂದಿದೆ. ಎಲ್ಲ ಸೆಲ್ಲನ್ನೂ ಒಟ್ಟಿಗೆ ಬದಲಿಸಿ, ಹಳತು ಹೊಸತು ಬೆರೆಸಬೇಡಿ. ಪ್ಲಸ್ ಮೈನಸ್ ನೋಡಿ ಹಾಕಿ. ಸೆಲ್ ಕೂರುವ ಜಾಗದಲ್ಲಿ ಹಸಿರು, ಬಿಳಿ ಪುಡಿ ಕಟ್ಟಿದ್ದರೆ ಸೆಲ್ ತೆಗೆದು ಒಣ ಬಟ್ಟೆಯಿಂದ ಉಜ್ಜಿ, ಆಮೇಲೆ ಕೈ ತೊಳೆಯಿರಿ. ವರ್ಷಕ್ಕೊಮ್ಮೆ, ಮಳೆ ಹಿಡಿಯುವ ಮೊದಲು ಎಲ್ಲ ಸೆಲ್ ಹೊಸತು ಹಾಕುವುದು ಒಳ್ಳೆಯ ರೂಢಿ.

ಕೂಗುತ್ತದೆ, ಆದರೆ ಫೋನ್ ಬರುವುದಿಲ್ಲ: ಮೊದಲು ರೀಚಾರ್ಜ್ ನೋಡಿ. ಅವಧಿ ಮುಗಿದ ಸಿಮ್ಮಿನಿಂದ ಕರೆ ಹೊರಡುವುದಿಲ್ಲ. ಆಮೇಲೆ ನೆಟ್‌ವರ್ಕ್, ಆಮೇಲೆ 2ಜಿ ವಿಚಾರ. ನಂಬರು ಒಂದಂಕೆ ತಪ್ಪಾಗಿ ತುಂಬಿಸಿದ್ದೂ ಉಂಟು. ಅಲಾರಾಂನ ನಂಬರನ್ನು ನೆರೆಯವರ ಫೋನಿನಲ್ಲಿ “ಕಳ್ಳರ ಅಲಾರಾಂ” ಎಂದು ಹೆಸರು ಹಾಕಿ ಉಳಿಸಿಕೊಡಿ. ಇಲ್ಲದಿದ್ದರೆ ಮಧ್ಯರಾತ್ರಿ ಗೊತ್ತಿಲ್ಲದ ನಂಬರೆಂದು ಅವರು ಕಟ್ ಮಾಡುತ್ತಾರೆ.

ಕರೆಂಟು ಹೋದ ಕೂಡಲೇ ಪೆಟ್ಟಿಗೆ ಸತ್ತುಹೋಗುತ್ತದೆ: ಒಳಗಿನ ಬ್ಯಾಟರಿ ಮುಗಿದಿದೆ, ಅಥವಾ ಬ್ಯಾಟರಿಯ ಸ್ವಿಚ್ ಹಾಕಿಲ್ಲ. ತಿಂಗಳಿಗೊಮ್ಮೆ ಅಡಾಪ್ಟರ್ ತೆಗೆದು ಒಂದು ಗಂಟೆ ಬಿಟ್ಟು ಪರೀಕ್ಷಿಸಿ. ಬ್ಯಾಟರಿ ಉಬ್ಬಿದ್ದರೆ ಮತ್ತೆ ಉಪಯೋಗಿಸಲೇಬೇಡಿ.

ಒಂದು ಸೆನ್ಸರ್ ಮಾತ್ರ ಪೆಟ್ಟಿಗೆಗೆ ಸುದ್ದಿ ಕೊಡುವುದಿಲ್ಲ: ಅದರ ಸೆಲ್ ನೋಡಿ. ಅದನ್ನು ಪೆಟ್ಟಿಗೆಯ ಪಕ್ಕಕ್ಕೆ ತಂದು ಪರೀಕ್ಷಿಸಿ. ಹತ್ತಿರದಲ್ಲಿ ಕೆಲಸ ಮಾಡಿ ದೂರದಲ್ಲಿ ಮಾಡದಿದ್ದರೆ ನಡುವೆ ದಪ್ಪ ಗೋಡೆ ಅಥವಾ ಕಬ್ಬಿಣ ಅಡ್ಡವಿದೆ. ಪೆಟ್ಟಿಗೆಯ ಜಾಗ ಬದಲಿಸಿ. ಹತ್ತಿರದಲ್ಲೂ ಆಗದಿದ್ದರೆ ಪುಸ್ತಕ ನೋಡಿ ಮತ್ತೆ ಜೋಡಣೆ ಮಾಡಿ, ಇಲ್ಲವೇ ಅಂಗಡಿಗೆ ಕೊಂಡುಹೋಗಿ.

ಮೂರು ಎಚ್ಚರಿಕೆ

ಗುಂಡಿ ಸೆಲ್ಲು: ಅಲಾರಾಂ ಮತ್ತು ರಿಮೋಟಿನ ಗುಂಡಿಯಂಥ, ನಾಣ್ಯದಂಥ ಸೆಲ್ಲುಗಳು ಮಕ್ಕಳಿಗೆ ಬಹಳ ಅಪಾಯ. ಮಗು ನುಂಗಿ ಅದು ಗಂಟಲಲ್ಲಿ ಸಿಕ್ಕಿಕೊಂಡರೆ ಎರಡೇ ಗಂಟೆಯಲ್ಲಿ ಒಳಗೆ ಸುಟ್ಟ ಗಾಯವಾಗಬಹುದು. ನುಂಗಿದೆ ಎಂಬ ಸಂಶಯ ಬಂದರೂ ವಾಂತಿ ಮಾಡಿಸಬೇಡಿ, ಕಾಯಬೇಡಿ, ಕೂಡಲೇ ದೊಡ್ಡ ಆಸ್ಪತ್ರೆಗೆ ಓಡಿ. ಹಳೆ ಸೆಲ್ಲನ್ನು ಟೇಪು ಸುತ್ತಿ ಮಕ್ಕಳಿಗೆ ಸಿಗದಲ್ಲಿಡಿ. ಒಲೆಗೆ ಹಾಕಬೇಡಿ.

ಸಿಡಿಲು: ಗುಡುಗು ಕೇಳುವ ಮೊದಲೇ, ಮೋಡ ಕಟ್ಟಿದಾಗಲೇ ಅಡಾಪ್ಟರನ್ನು ಪ್ಲಗ್ಗಿನಿಂದ ಕಿತ್ತಿಡಿ. ಸ್ವಿಚ್ ಆಫ್ ಮಾಡಿದರೆ ಮಾತ್ರ ಸಾಲದು. ಬ್ಯಾಟರಿ ಚೆನ್ನಾಗಿದ್ದರೆ ಕೆಲವು ಗಂಟೆ ಅಲಾರಾಂ ಅದರಲ್ಲೇ ನಡೆಯುತ್ತದೆ.

ಕರೆಂಟಿನ ಬೇಲಿ: ಕಳ್ಳ ಬರಬಾರದೆಂದು ಕಿಟಕಿಗೆ, ಬಾಗಿಲಿಗೆ, ಬೇಲಿಗೆ ಮನೆಯ ಕರೆಂಟು ಹಾಯಿಸುವವರಿದ್ದಾರೆ. ಇದನ್ನು ಎಂದಿಗೂ ಮಾಡಬೇಡಿ. ಇದು ಅಪರಾಧ. ಸಾಯುವುದು ಕಳ್ಳನೇ ಆಗಬೇಕೆಂದಿಲ್ಲ, ಪಕ್ಕದ ಮನೆಯ ಮಗು ಆಗಬಹುದು. ಕಳ್ಳನೂ ಜೀವವಿರುವ ಮನುಷ್ಯನೇ.

ಕೂಗಿದಾಗ ಏನು ಮಾಡಬೇಕು?

ಈ ಭಾಗವನ್ನು ನಿಮ್ಮ ಸಂಘದಲ್ಲಿ ಜೋರಾಗಿ ಓದಿ. ಯಂತ್ರಕ್ಕಿಂತ ಇದು ಮುಖ್ಯ.

1. ಪ್ರತಿ ಅಲಾರಾಂ ಮನೆಗೆ ಹತ್ತಿರದ ಮೂರು ಮನೆಯವರು ಹೊಣೆ ಹೊತ್ತುಕೊಳ್ಳಲಿ. ಕೂಗು ಕೇಳಿದರೆ ಮೊದಲು ಆ ಮನೆಗೆ ಫೋನ್ ಮಾಡುವುದು. ಉತ್ತರ ಇಲ್ಲದಿದ್ದರೆ ಉಳಿದಿಬ್ಬರನ್ನು ಎಬ್ಬಿಸುವುದು.
2. ಒಬ್ಬರೇ ಹೋಗಬಾರದು. ಎಲ್ಲರೂ ತಮ್ಮ ಮನೆಯ ಹೊರಗಿನ ಲೈಟು ಹಾಕಿ, ಗಟ್ಟಿಯಾಗಿ ಕೂಗಿ ಸದ್ದು ಮಾಡಿ. ಕಳ್ಳ ಓಡಿಹೋಗಲು ದಾರಿ ಬಿಡಿ. ಅಡ್ಡಗಟ್ಟಿ ಹಿಡಿಯಲು ಹೋಗಿ ಪೆಟ್ಟು ತಿನ್ನಬೇಡಿ. ಹೋದ ಸರ ಮತ್ತೆ ಮಾಡಿಸಬಹುದು, ಜೀವ ಬರುವುದಿಲ್ಲ.
3. 112ಕ್ಕೆ ಕರೆ ಮಾಡಿ ಊರು, ದಾರಿ, ಗುರುತು ಸ್ಪಷ್ಟವಾಗಿ ಹೇಳಿ.
4. ಬಾಗಿಲು ಮುರಿದಿದ್ದರೆ ಒಳಗೆ ಹೋಗಬೇಡಿ, ಏನನ್ನೂ ಮುಟ್ಟಬೇಡಿ. ಬೆರಳಚ್ಚು ಅಳಿಸಿಹೋಗುತ್ತದೆ. ಗುಡಿಸಿ ಚೊಕ್ಕ ಮಾಡುವ ಆತುರ ಬೇಡ.
5. ಯಾರನ್ನಾದರೂ ಹಿಡಿದರೆ ಹೊಡೆಯಬೇಡಿ. ಪೊಲೀಸರಿಗೆ ಒಪ್ಪಿಸಿ.
6. ಸುಳ್ಳು ಕೂಗಾಗಿದ್ದರೆ ಮನೆಯವರು ಮರುದಿನವೇ ನೆರೆಯವರಿಗೆ ಕಾರಣ ಹೇಳಿ, ಸರಿಪಡಿಸಿ. “ಎದ್ದು ಬಂದದ್ದಕ್ಕೆ ಉಪಕಾರ ಆಯ್ತು ಅಕ್ಕ” ಎಂಬ ಒಂದು ಮಾತು ಮುಂದಿನ ಸಲವೂ ಅವರನ್ನು ಎಬ್ಬಿಸುತ್ತದೆ.

ಕಳವಾದರೆ ದೂರು ಕೊಡಲು ಹಿಂಜರಿಯಬೇಡಿ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 173ನೇ ಕಲಮಿನ ಪ್ರಕಾರ, ಘಟನೆ ಯಾವ ಠಾಣೆಯ ವ್ಯಾಪ್ತಿಯಲ್ಲಿ ನಡೆದಿದ್ದರೂ ಯಾವ ಠಾಣೆಯಲ್ಲೂ ದೂರು ಕೊಡಬಹುದು. ದೂರು ಕೊಟ್ಟವರಿಗೆ ಎಫ್‌ಐಆರ್ ಪ್ರತಿಯನ್ನು ಹಣ ಪಡೆಯದೆ ಕೊಡಬೇಕು. ಕೇಳಿ ತೆಗೆದುಕೊಳ್ಳಿ. ಇದಕ್ಕಾಗಿ ಚಿನ್ನದ ರಸೀದಿ ಮತ್ತು ಫೋಟೋಗಳನ್ನು ಈಗಲೇ ತೆಗೆದು ಬೇರೆ ಕಡೆ ಇಟ್ಟಿರಿ. ಹಲವು ದಿನ ಊರು ಬಿಡುವುದಾದರೆ ಠಾಣೆಗೆ ಮೊದಲೇ ತಿಳಿಸಿ ಹೋಗಿ. “ಮದುವೆಗೆ ಹೊರಟೆವು” ಎಂದು ಮೊಬೈಲ್ ಸ್ಟೇಟಸ್ಸಿನಲ್ಲಿ ಹಾಕಬೇಡಿ, ತಿರುಗಿ ಬಂದ ಮೇಲೆ ಹಾಕಿ.

ಸಂಘದ ಹಣಕ್ಕೆ ಅಲಾರಾಂ ಬೇಡ, ಬ್ಯಾಂಕು ಬೇಕು

ಕೊನೆಗೆ ಮತ್ತೆ ಆ ಕೋಶಾಧಿಕಾರಿಯ ಮನೆಗೆ ಬರೋಣ. ಅಲ್ಲಿ ಸೆಲ್ ತೆಗೆದದ್ದು ಒಂದು ತಪ್ಪು. ಎರಡು ವಾರದ ಹಣ ಒಬ್ಬರ ಮನೆಯಲ್ಲಿ ಉಳಿಯಲು ಬಿಟ್ಟದ್ದು ಸಂಘದ ಎಲ್ಲರ ತಪ್ಪು. ಹಣ ಒಟ್ಟಾದ ದಿನ, ತಪ್ಪಿದರೆ ಬ್ಯಾಂಕು ತೆರೆಯುವ ಮರುದಿನ, ಇಬ್ಬರು ಜೊತೆಯಾಗಿ ಹೋಗಿ ಸಂಘದ ಖಾತೆಗೆ ಕಟ್ಟಬೇಕು. ರಸೀದಿಯನ್ನು ಮುಂದಿನ ಸಭೆಯಲ್ಲಿ ತೋರಿಸಬೇಕು. ಸಭೆಯ ದಿನ ಮತ್ತು ಹಣ ಯಾರ ಕೈಯಲ್ಲಿದೆ ಎಂಬುದು ಊರಿಗೆಲ್ಲ ಗೊತ್ತಿರುತ್ತದೆ. ನಮ್ಮ ಸಹೋದರಿಯೊಬ್ಬರ ಮನೆಯನ್ನು ನಾವೇ ಅಪಾಯಕ್ಕೆ ಒಡ್ಡಬಾರದು.

ಆ ಮನೆಯಲ್ಲಿ ಈಗ ಬಾಗಿಲು ಸರಿಯಾಗಿದೆ. ಅದೇ ಹಳೆ ಬಿಳಿ ಡಬ್ಬಿ, ಹೊಸ ಸೆಲ್, ಅಯಸ್ಕಾಂತದ ಅಡಿಗೆ ಹಲಸಿನ ಮರದ ಒಂದು ಸಣ್ಣ ತುಂಡು. ಅಂದು ಬೈದ ಆಚೆ ಮನೆಯವರೇ ಈಗ ಮೊದಲ ಹೊಣೆಯವರು. ತಿಂಗಳ ಮೊದಲ ಸಭೆಯ ದಿನ ಅವರು ಬಾಗಿಲು ತೆರೆದು ಪರೀಕ್ಷೆ ಮಾಡುತ್ತಾರೆ. “ಕೂಗ್ತದೆ ಸಿಸ್ಟರ್, ನಮಗೆ ಒಳಗೆ ಕೂತ್ರೂ ಕೇಳ್ತದೆ” ಎಂದು ಅವರೇ ನಮಗೆ ಹೇಳಿದರು.

ಸಂಘದಲ್ಲಿ ಚರ್ಚಿಸೋಣ

1. ನಮ್ಮ ಸಂಘದ ಹಣ ಸಭೆಯ ದಿನದಿಂದ ಬ್ಯಾಂಕಿಗೆ ಹೋಗುವವರೆಗೆ ಎಲ್ಲಿರುತ್ತದೆ? ಎಷ್ಟು ದಿನ?
2. ನಮ್ಮಲ್ಲಿ ಒಬ್ಬರೇ ಇರುವ ಹಿರಿಯ ಸದಸ್ಯೆಯರು ಯಾರು? ರಾತ್ರಿ ಅವರು ಕರೆದರೆ ಕೇಳುವ ಮನೆ ಯಾವುದು?
3. ಯಾರ ಮನೆಯಲ್ಲಿ ಸೆಲ್ ತೆಗೆದಿಟ್ಟ ಅಲಾರಾಂ ಇದೆ? ಈ ವಾರ ಯಾರು ಹೋಗಿ ಜೊತೆಗೆ ನಿಂತು ಸರಿಪಡಿಸುತ್ತೀರಿ?

ಮೂರನೆಯ ಪ್ರಶ್ನೆಗೆ ಹೆಸರು ಬರೆದುಕೊಂಡೇ ಸಭೆ ಮುಗಿಸಿರಿ.